ಆಲ್-ವೀಲ್ ಡ್ರೈವ್ ಇರುವ ಕ್ರಾಸೋವರ್ ಹಿಮದಲ್ಲಿ ಸಲೀಸಾಗಿ ಹೊರಡುತ್ತದೆ, ಆದರೆ ನಿಲ್ಲುವುದಿಲ್ಲವೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವಿಬ್ಬರು, ಏಳು ಮತ್ತು ಮೂರು ವರ್ಷದ ಇಬ್ಬರು ಮಕ್ಕಳು, ಜೊತೆಗೆ ನಮ್ಮ ಅತ್ತೆಯವರು, ಹೀಗೆ ಐದು ಜನರ ಸಂಸಾರ ನಮ್ಮದು. ರಸ್ತೆಯ ಮೇಲೆ ವಾರಗಟ್ಟಲೆ ಹಿಮ ಕೂತಿರುವ ಕಡೆ ನಮಗೆ ಇದು ಮೊದಲ ಚಳಿಗಾಲ. ಆಲ್-ವೀಲ್ ಡ್ರೈವ್ ಇದ್ದರೆ ಹಿಮದ ಚಿಂತೆ ಇರುವುದಿಲ್ಲ ಎಂದು ನಂಬಿ ಹಳೆಯ ಸೆಡಾನ್ ಮಾರಿ, ಎಸ್‌ಯುವಿಯಂತೆ ತುಸು ಎತ್ತರವಿರುವ ಕ್ರಾಸೋವರ್ ಕಾರು ಕೊಂಡೆವು. ಮೊದಲ ಹಿಮ ಬಿದ್ದ ವಾರ ಆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು, ಏಕೆಂದರೆ ಮನೆಯ ಹತ್ತಿರದ ಏರಿನಲ್ಲಿ ಬೇರೆ ಕಾರುಗಳ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗುತ್ತಿದ್ದಾಗ ನಮ್ಮದು ಒಂದಿಷ್ಟೂ ತಡವರಿಸದೆ ಹತ್ತಿಹೋಯಿತು.

ಕಳೆದ ವಾರ ಅದೇ ರಸ್ತೆಯಲ್ಲಿ ಕೆಳಗಿಳಿಯುವಾಗ ವೇಗ ಗಂಟೆಗೆ ಸುಮಾರು 40 ಕಿಲೋಮೀಟರ್ ಇತ್ತು. ಕೆಳಗಿನ ಕೂಡುರಸ್ತೆಗೆ ಸಾಕಷ್ಟು ದೂರವಿದೆ ಎಂದುಕೊಂಡು ಬ್ರೇಕ್ ಒತ್ತಿದೆ. ಪೆಡಲ್ ಕಾಲಿನಡಿ ಗಡಗಡನೆ ಅದುರಿತು, ಕಾರು ಮಾತ್ರ ತನ್ನ ಪಾಡಿಗೆ ಮುಂದೆ ಹೋಗುತ್ತಲೇ ಇತ್ತು. ನಿಲ್ಲಬೇಕಾದ ಗೆರೆಯನ್ನು ದಾಟಿ, ಅಡ್ಡರಸ್ತೆಯ ಅರ್ಧದವರೆಗೆ ಹೋಗಿ ನಿಂತಿತು. ಆ ಕ್ಷಣದಲ್ಲಿ ಯಾವ ಗಾಡಿಯೂ ಬರಲಿಲ್ಲ, ಅಷ್ಟೇ ನಮ್ಮ ಪುಣ್ಯ. ಮಕ್ಕಳಿಬ್ಬರೂ ಹಿಂದಿನ ಸೀಟಿನಲ್ಲಿದ್ದರು. ಅಂದಿನಿಂದ ಸ್ಟೀರಿಂಗ್ ಹಿಡಿಯುವಾಗಲೆಲ್ಲ ನನಗೆ ಅದೇ ನೆನಪು.

ಟೈರುಗಳು ಕಾರಿನೊಂದಿಗೇ ಬಂದವು, ಒಂದೂವರೆ ವರ್ಷ ಹಳೆಯವು, ಬಟನ್ ಚೆನ್ನಾಗಿಯೇ ಇದೆ, ಬದಿಯಲ್ಲಿ 'ಎಂ ಪ್ಲಸ್ ಎಸ್' (ಮಡ್ ಪ್ಲಸ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂಬ ಗುರುತೂ ಇದೆ. ಬ್ರೇಕಿನಲ್ಲಿ ದೋಷವಿರಬಹುದೇ, ಅಥವಾ ತಪ್ಪು ನನ್ನದೇ? ಆಲ್-ವೀಲ್ ಡ್ರೈವ್ ಇದ್ದೂ ಚಳಿಗಾಲದ ಟೈರು ಬೇಕೇ? ಬೇಕೆಂದಾದರೆ ಎರಡು ಹಾಕಿದರೆ ಸಾಲದೇ?

ಮೊದಲ ಉತ್ತರ

ಯಾರಿಗೂ ಏನೂ ಆಗಲಿಲ್ಲ ಎಂಬುದು ದೊಡ್ಡ ಸಮಾಧಾನ. ನೀವು ಹೇಳಿದ್ದನ್ನು ನೋಡಿದರೆ ಬ್ರೇಕಿನಲ್ಲಿ ದೋಷವಿದ್ದಂತೆ ಕಾಣುವುದಿಲ್ಲ. ಪೆಡಲ್ ಅದುರಿದ್ದು ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ, ಕೆಲಸ ಮಾಡುತ್ತಿದ್ದುದರ ಲಕ್ಷಣ. ಆದರೂ ಮನಸ್ಸಿನ ನೆಮ್ಮದಿಗೆ ಒಮ್ಮೆ ಪರೀಕ್ಷೆ ಮಾಡಿಸಿಬಿಡಿ.

ಆಲ್-ವೀಲ್ ಡ್ರೈವ್ ಮಾಡುವುದು ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಗಳಿಗೆ ಹಂಚುವ ಕೆಲಸವನ್ನು ಮಾತ್ರ. ಬ್ರೇಕ್ ಒತ್ತಿದಾಗ ಆ ಹಂಚಿಕೆಗೆ ಕೆಲಸವೇ ಇಲ್ಲ, ಏಕೆಂದರೆ ಅತ್ಯಂತ ಸಾಮಾನ್ಯ ಸಣ್ಣ ಕಾರಿನಲ್ಲೂ ಬ್ರೇಕ್ ಇರುವುದು ನಾಲ್ಕು ಚಕ್ರಗಳಿಗೇ. ನಿಲ್ಲುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತದಿಂದ. ಆ ಹಿಡಿತವನ್ನು ಅಳೆಯುವ ಸಂಖ್ಯೆಯಾದ ಘರ್ಷಣೆಯ ಗುಣಾಂಕ ಒಣ ಡಾಂಬರಿನ ಮೇಲೆ ಸುಮಾರು 0.8, ಗಾಡಿಗಳು ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3, ಮಂಜುಗಡ್ಡೆಯ ಮೇಲೆ 0.1 ಅಥವಾ ಅದಕ್ಕಿಂತಲೂ ಕಡಿಮೆ. ಈ ಲೆಕ್ಕದಲ್ಲಿ 40 ಕಿಲೋಮೀಟರ್ ವೇಗದಲ್ಲಿರುವ ಕಾರು, ಬ್ರೇಕ್ ಹಿಡಿದ ಮೇಲೆ, ಒಣ ರಸ್ತೆಯಲ್ಲಿ ಸುಮಾರು 8 ಮೀಟರಿನಲ್ಲಿ ನಿಂತರೆ ಗಟ್ಟಿ ಹಿಮದಲ್ಲಿ 25 ಮೀಟರು, ಮಂಜುಗಡ್ಡೆಯಲ್ಲಿ 63 ಮೀಟರು ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಸಾಗುವ 11 ಮೀಟರನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ನೀವು ಇಳಿಯುತ್ತಿದ್ದುದು ಇಳಿಜಾರು ಎಂಬುದು ಇಲ್ಲಿ ಬಹಳ ಮುಖ್ಯ. ನೂರು ಮೀಟರಿಗೆ ಐದು ಮೀಟರ್ ಇಳಿಯುವ ರಸ್ತೆಯಲ್ಲಿ ಆ ಗುಣಾಂಕದಿಂದ 0.05 ಕಳೆದುಹೋಗುತ್ತದೆ. ಒಣ ರಸ್ತೆಯಲ್ಲಿ 0.8ರಿಂದ 0.05 ಕಳೆದರೆ ಗೊತ್ತೇ ಆಗುವುದಿಲ್ಲ, ಹಿಮದಲ್ಲಿ 25 ಮೀಟರು 31 ಆಗುತ್ತದೆ, ಆದರೆ ಮಂಜುಗಡ್ಡೆಯ ಮೇಲೆ 0.1ರಲ್ಲಿ ಅರ್ಧವೇ ಹೋಗಿಬಿಡುವುದರಿಂದ 63 ಇದ್ದದ್ದು 126 ಆಗುತ್ತದೆ. ಇಳಿಜಾರು ನೂರಕ್ಕೆ ಹತ್ತಾದರೆ ಅಂಥ ಮಂಜುಗಡ್ಡೆಯ ಮೇಲೆ ಕಾರು ನಿಲ್ಲುವುದೇ ಇಲ್ಲ. ಬೇಸಿಗೆಯಲ್ಲಿ ಗಮನಕ್ಕೇ ಬಾರದ ಇಳಿಜಾರು ಚಳಿಗಾಲದಲ್ಲಿ ಬೇರೆಯೇ ರಸ್ತೆಯಾಗುವುದು ಇದರಿಂದಲೇ.

ಏರಿನಲ್ಲಿ ಕಂಡ ಅನುಭವ ನಿಮ್ಮನ್ನು ಮೋಸಗೊಳಿಸಿದ್ದು ಹೀಗೆ. ಮುಂದಿನ ಎರಡೇ ಚಕ್ರಗಳಿಂದ ನಡೆಯುವ ಕಾರಿಗೆ ಆ ಎರಡು ಚಕ್ರಗಳ ಮೇಲೆ ಬೀಳುವ ತೂಕದ ಹಿಡಿತವಷ್ಟೇ ಎಳೆಯಲು ಒದಗುತ್ತದೆ. ನಿಮ್ಮ ಕಾರು ಇಡೀ ತೂಕದ ಹಿಡಿತವನ್ನು ಬಳಸಿಕೊಂಡು ಹತ್ತಿತು. ಚಕ್ರ ಜಾರಿ ತಿರುಗಿದ್ದು ಆ ಚಾಲಕರಿಗೆ ರಸ್ತೆಯೇ ಕೊಟ್ಟ ಎಚ್ಚರಿಕೆಯಾಗಿತ್ತು. ನಿಮಗೆ ಆ ಎಚ್ಚರಿಕೆ ಸಿಗಲಿಲ್ಲ, ಹಿಡಿತ ಎಷ್ಟು ಕಡಿಮೆಯಿದೆ ಎಂಬುದು ಬ್ರೇಕ್ ಒತ್ತಿದಾಗಲೇ ತಿಳಿಯಿತು. ಆದ್ದರಿಂದ ತಪ್ಪು ನಿಮ್ಮೊಬ್ಬರದು ಎಂದು ಕೊರಗಬೇಡಿ. ಆಲ್-ವೀಲ್ ಡ್ರೈವ್ ಕಾರನ್ನು ಮೊದಲ ಸಲ ಹಿಮಕ್ಕೆ ಇಳಿಸಿದ ಯಾರಿಗೂ ಹೀಗಾಗಬಹುದು.

ಇನ್ನು ಟೈರಿನ ವಿಷಯ. ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಬೇಸಿಗೆ ಟೈರಿನ ರಬ್ಬರು ಗಡುಸಾಗುತ್ತ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುವಂತೆ ತಯಾರಾಗಿರುತ್ತದೆ, ಮೇಲ್ಮೈಯಲ್ಲಿ ಕೂದಲೆಳೆಯಂಥ ನೂರಾರು ಸೀಳುಗಳಿದ್ದು ಅವುಗಳ ಅಂಚು ಹಿಮವನ್ನು ಕಚ್ಚುತ್ತದೆ. ತೋಡುಗಳಲ್ಲಿ ತುಂಬಿಕೊಳ್ಳುವ ಹಿಮವೂ ರಸ್ತೆಯ ಹಿಮಕ್ಕೆ ಅಂಟಿ ಹಿಡಿತಕ್ಕೆ ನೆರವಾಗುತ್ತದೆ. ನಿಮ್ಮ ಟೈರಿನ ಮೇಲಿರುವ 'ಎಂ ಪ್ಲಸ್ ಎಸ್' ಗುರುತನ್ನು ಹಿಮದ ಪರೀಕ್ಷೆಯಿಲ್ಲದೆಯೇ ತಯಾರಕರು ಹಾಕಿಕೊಳ್ಳಬಹುದು. ಮೂರು ಶಿಖರಗಳ ಬೆಟ್ಟ ಮತ್ತು ಅದರೊಳಗೆ ಹಿಮದ ಹರಳು ಇರುವ ಚಿತ್ರವನ್ನು ಹುಡುಕಿ, ಅದು ಹಿಮದಲ್ಲಿ ಪರೀಕ್ಷೆಗೊಳಗಾಗಿ ತೇರ್ಗಡೆಯಾದ ಟೈರಿಗೆ ಮಾತ್ರ ಸಿಗುವ ಗುರುತು. ಜರ್ಮನಿಯಲ್ಲಿ 2024ರ ಅಕ್ಟೋಬರ್ 1ರಿಂದ ಈ ಚಿತ್ರವಿಲ್ಲದ ಟೈರನ್ನು ಚಳಿಗಾಲದ ಟೈರೆಂದು ಕಾನೂನು ಪರಿಗಣಿಸುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಂತೂ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ, ಆಲ್-ವೀಲ್ ಡ್ರೈವ್ ಇದೆ ಎಂಬ ವಿನಾಯಿತಿ ಅಲ್ಲಿಲ್ಲ.

ಎರಡು ಟೈರು ಸಾಲದು, ನಾಲ್ಕೂ ಬೇಕು. ಮುಂದೆ ಮಾತ್ರ ಹಾಕಿದರೆ ಮುಂಭಾಗ ಕಚ್ಚಿ ಹಿಡಿದು ಹಿಂಭಾಗ ಜಾರುತ್ತದೆ, ತಿರುವಿನಲ್ಲಿ ಕಾರು ಸುತ್ತಿಕೊಳ್ಳುತ್ತದೆ.

ಎರಡನೆಯ ಉತ್ತರ

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಅದನ್ನು ಓದಿ ಆಲ್-ವೀಲ್ ಡ್ರೈವ್‌ಗೆ ಕೊಟ್ಟ ಹಣ ವ್ಯರ್ಥವಾಯಿತು ಎಂದು ದಯವಿಟ್ಟು ತಿಳಿಯಬೇಡಿ. ಒಳ್ಳೆಯ ಟೈರು ಹಾಕಿದ ಮೇಲೆ, ಏರಿನ ನಡುವೆ ನಿಂತು ಮತ್ತೆ ಹೊರಡುವಾಗ, ಹಿಮ ತುಂಬಿದ ಪಾರ್ಕಿಂಗಿನಿಂದ ಹೊರಬರುವಾಗ ಅದರ ಬೆಲೆ ತಿಳಿಯುತ್ತದೆ.

ನಾಲ್ಕೂ ಟೈರು ಒಂದೇ ಬಗೆಯವಾಗಿರಬೇಕು ಎಂಬುದಕ್ಕೆ ಇನ್ನೊಂದು ಕಾರಣವನ್ನು ನಾನು ಸೇರಿಸುತ್ತೇನೆ. ಹೆಚ್ಚಿನ ಕುಟುಂಬದ ಕ್ರಾಸೋವರ್‌ಗಳು ಮೂಲತಃ ಮುಂದಿನ ಚಕ್ರಗಳಿಂದಲೇ ನಡೆಯುವ ಕಾರುಗಳು. ಮುಂದಿನ ಚಕ್ರ ಜಾರಿದಾಗ, ಅಥವಾ ಜಾರುವ ಸಂಭವವನ್ನು ಕಂಪ್ಯೂಟರ್ ಊಹಿಸಿದಾಗ, ನಡುವಿನ ಕ್ಲಚ್ಚೊಂದು ಬಿಗಿದು ಹಿಂದಿನ ಚಕ್ರಗಳಿಗೂ ಶಕ್ತಿಯನ್ನು ಕಳಿಸುತ್ತದೆ. ಮುಂದಿನ ಮತ್ತು ಹಿಂದಿನ ಟೈರುಗಳ ಸುತ್ತಳತೆಯಲ್ಲಿ ವ್ಯತ್ಯಾಸವಿದ್ದರೆ ಆ ಕ್ಲಚ್ಚು ವೃಥಾ ಉಜ್ಜಿಕೊಂಡು ಬಿಸಿಯಾಗಿ ಬೇಗನೆ ಸವೆಯುತ್ತದೆ.

ಇಳಿಜಾರಿನಲ್ಲಿ ನೀವು ಬದಲಿಸಿಕೊಳ್ಳಬೇಕಾದದ್ದು ಮುಖ್ಯವಾಗಿ ಒಂದೇ: ವೇಗವನ್ನು ಇಳಿಜಾರಿನ ತುದಿಯಲ್ಲೇ, ಇಳಿಯಲು ತೊಡಗುವ ಮೊದಲೇ, ಕಡಿಮೆ ಮಾಡಿಕೊಳ್ಳಿ. ವೇಗ ಅರ್ಧವಾದರೆ ನಿಲ್ಲುವ ದೂರ ಕಾಲುಭಾಗವಾಗುತ್ತದೆ. ಮೇಲಿನ ಉದಾಹರಣೆಯ 31 ಮೀಟರು, 20 ಕಿಲೋಮೀಟರ್ ವೇಗದಲ್ಲಿ 8 ಮೀಟರಾಗುತ್ತದೆ. ಅಲ್ಲಿಯೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿಗೆ ಕಾರನ್ನು ತಡೆಯಲು ಬಿಡಿ. ಇಳಿಯುತ್ತಿರುವಾಗ ನಡುದಾರಿಯಲ್ಲಿ ತಟ್ಟನೆ ಗೇರ್ ಇಳಿಸಬೇಡಿ, ಎಂಜಿನ್ನಿನ ತಡೆ ಹೆಚ್ಚಾಗಿ ಮುಂದಿನ ಚಕ್ರಗಳ ಮೇಲೆಯೇ ಬಿದ್ದು ಅವು ಜಾರಬಹುದು. ನಿಮ್ಮದು ಹೈಬ್ರಿಡ್ ಅಥವಾ ವಿದ್ಯುತ್ ಕಾರಾಗಿದ್ದು, ಕಾಲೆತ್ತಿದೊಡನೆ ಮೋಟಾರು ಜೋರಾಗಿ ತಡೆಯುವಂಥದ್ದಾದರೆ, ಜಾರುವ ರಸ್ತೆಯಲ್ಲಿ ಆ ತಡೆಯನ್ನು ಕನಿಷ್ಠ ಮಟ್ಟಕ್ಕೆ ಇಳಿಸಿಕೊಳ್ಳಿ. ವೇಗವನ್ನು ತಾನಾಗಿಯೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಹಿಮದಲ್ಲಿ ಬೇಡವೇ ಬೇಡ.

ಪೆಡಲ್ ಅದುರಿದಾಗ ಹೆದರಿ ಕಾಲು ತೆಗೆಯುವವರು ಬಹಳ. ಒತ್ತಿ ಹಿಡಿದೇ ಇರಿ. ಸಡಿಲ ಹಿಮದಲ್ಲಿ ಎಬಿಎಸ್ ಇರುವ ಕಾರು ಇನ್ನೂ ತುಸು ಹೆಚ್ಚು ದೂರ ಹೋಗಬಹುದು ಎಂಬುದು ನಿಜವೇ, ಏಕೆಂದರೆ ಚಕ್ರ ಬಿಗಿದು ನಿಂತರೆ ಅದರ ಮುಂದೆ ಹಿಮ ಗುಡ್ಡೆಯಾಗಿ ಅಡ್ಡ ನಿಲ್ಲುತ್ತದೆ, ಎಬಿಎಸ್ ಚಕ್ರವನ್ನು ಹಾಗೆ ಬಿಗಿಯಲು ಬಿಡುವುದಿಲ್ಲ. ಅದಕ್ಕೆ ಬದಲಾಗಿ ಸ್ಟೀರಿಂಗ್ ನಿಮ್ಮ ಮಾತು ಕೇಳುತ್ತದೆ, ಎದುರಿಗಿರುವುದನ್ನು ತಪ್ಪಿಸಿ ಪಕ್ಕದ ಹಿಮದ ರಾಶಿಯ ಕಡೆಗಾದರೂ ಕಾರನ್ನು ತಿರುಗಿಸಬಹುದು. ಮಕ್ಕಳು ಕೂತಿರುವ ಕಾರಿನಲ್ಲಿ ನಾನು ಬಯಸುವುದು ಅದನ್ನೇ.

ಕ್ರಾಸೋವರಿನ ಎತ್ತರವನ್ನೂ ಅತಿಯಾಗಿ ನಂಬಬೇಡಿ. ನೆಲದಿಂದ ಕಾರಿನ ತಳಕ್ಕೆ ಇರುವ ಅಂತರ ಸಾಮಾನ್ಯವಾಗಿ 180ರಿಂದ 220 ಮಿಲಿಮೀಟರು. ಹಿಮ ಅದಕ್ಕಿಂತ ಆಳವಿದ್ದರೆ ಕಾರಿನ ಹೊಟ್ಟೆ ಹಿಮದ ಮೇಲೆ ಕೂತು ನಾಲ್ಕು ಚಕ್ರಗಳೂ ಭಾರವಿಲ್ಲದೆ ತಿರುಗುತ್ತವೆ. ಹಾಗೆ ಸಿಕ್ಕಿಕೊಂಡಾಗ ಮಾತ್ರ, ಚಕ್ರ ಜಾರಿ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲನ್ನು ಆಫ್ ಮಾಡಿ, ಹಿಂದೆ ಮುಂದೆ ಮೆಲ್ಲನೆ ತೂಗಿ ಹೊರಬನ್ನಿ, ಬಂದೊಡನೆ ಮತ್ತೆ ಹಾಕಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಳಿಜಾರಿನ ಲೆಕ್ಕವನ್ನು ಮನೆಯವರಿಗೂ ಓದಿ ಹೇಳಿದೆ. ಮೂರು ಶಿಖರಗಳ ಗುರುತಿರುವ ನಾಲ್ಕು ಟೈರುಗಳನ್ನು ತರಿಸಲು ಹೇಳಿದ್ದೇನೆ. ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಹೋಗುವವರು ಇನ್ನೇನನ್ನು ಗಮನಿಸಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಈಗ ಮಕ್ಕಳನ್ನು ದಪ್ಪ ಕೋಟು ಹಾಕಿಸಿಯೇ ಸೀಟಿನಲ್ಲಿ ಕೂರಿಸುತ್ತಿದ್ದೇವೆ.

ಮೂರನೆಯ ಉತ್ತರ

ನಿಮ್ಮ ಕೊನೆಯ ವಾಕ್ಯವನ್ನು ಓದಿ ಬರೆಯದೆ ಇರಲಾಗಲಿಲ್ಲ. ಮಕ್ಕಳ ಸೀಟಿನಲ್ಲಿ ದಪ್ಪ ಕೋಟು ಬೇಡ. ಬೆಲ್ಟು ಬಿಗಿಯಾದಂತೆ ಕಂಡರೂ ಅದು ಬಿಗಿದಿರುವುದು ಕೋಟಿನೊಳಗಿನ ಗಾಳಿಯನ್ನು. ಡಿಕ್ಕಿಯಾದಾಗ ಕೋಟು ಚಪ್ಪಟೆಯಾಗಿ ಬೆಲ್ಟಿಗೂ ಮಗುವಿನ ಮೈಗೂ ನಡುವೆ ಸಡಿಲ ಉಳಿದುಬಿಡುತ್ತದೆ. ತೆಳುವಾದ ಬೆಚ್ಚನೆಯ ಉಡುಪಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಆಮೇಲೆ ಮೇಲಿನಿಂದ ಕಂಬಳಿ ಹೊದಿಸಿ, ಅಥವಾ ಅದೇ ಕೋಟನ್ನು ಹಿಂದುಮುಂದಾಗಿ ತೋಳಿಗೆ ತೊಡಿಸಿ. ನಿಮ್ಮ ಅತ್ತೆಯವರೂ ಕೋಟಿನ ಗುಂಡಿ ಬಿಚ್ಚಿ, ಬೆಲ್ಟು ಸೊಂಟದ ಮೂಳೆಯ ಮೇಲೆ ಕೂರುವಂತೆ ನೋಡಿಕೊಳ್ಳಲಿ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ರಾತ್ರಿಯಿಡೀ ಹಿಮ ಬಿದ್ದ ಮೇಲೆ ಎಂಜಿನ್ ಚಾಲೂ ಮಾಡುವ ಮೊದಲು ಸೈಲೆನ್ಸರಿನ ಬಾಯನ್ನು ಬಿಡಿಸಿ. ಕಾರು ಬೆಚ್ಚಗಾಗಲಿ ಎಂದು ಎಂಜಿನ್ ಹಚ್ಚಿ, ಮಕ್ಕಳನ್ನು ಒಳಗೆ ಕೂರಿಸಿ, ಅಪ್ಪ ಅಮ್ಮ ಹೊರಗೆ ಹಿಮ ತೋಡುತ್ತಾ ನಿಲ್ಲುವುದು ತುಂಬಾ ಸಹಜವಾಗಿ ಕಾಣುತ್ತದೆ. ಆದರೆ ಸೈಲೆನ್ಸರ್ ಮುಚ್ಚಿಹೋಗಿದ್ದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ತುಂಬಿಕೊಳ್ಳುತ್ತದೆ, ಒಳಗಿದ್ದವರಿಗೆ ಅದರ ಸುಳಿವೇ ಸಿಗುವುದಿಲ್ಲ. ದಾರಿಯಲ್ಲಿ ಹಿಮಕ್ಕೆ ಸಿಕ್ಕಿ ಕಾಯಬೇಕಾದಾಗಲೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಉಳಿದವು ಸಣ್ಣವು. ಚಾವಣಿಯ ಮೇಲಿನ ಹಿಮವನ್ನು ಪೂರ್ತಿ ತೆಗೆಯಿರಿ, ಇಲ್ಲವಾದರೆ ಬ್ರೇಕ್ ಹಿಡಿದಾಗ ಅದು ಮುಂದಿನ ಗಾಜಿನ ಮೇಲೆ ಜಾರಿ ಬಂದು ಏನೂ ಕಾಣದಂತಾಗುತ್ತದೆ. ಟೈರಿನ ಗಾಳಿ ಉಷ್ಣಾಂಶ ಐದಾರು ಡಿಗ್ರಿ ಇಳಿದಾಗಲೆಲ್ಲ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾಗುವುದರಿಂದ, ಕಾರು ಓಡಿಸುವ ಮೊದಲೇ ಅಳೆಯಿರಿ. ತೋಡಿನ ಆಳಕ್ಕೆ ಅನೇಕ ದೇಶಗಳಲ್ಲಿ ಕಾನೂನಿನ ಮಿತಿ 1.6 ಮಿಲಿಮೀಟರ್ ಇದ್ದರೂ ಹಿಮದಲ್ಲಿ ಅದು ಸಾಲದು, ಆಸ್ಟ್ರಿಯಾದಲ್ಲಿ ಚಳಿಗಾಲದ ಟೈರಿಗೆ 4 ಮಿಲಿಮೀಟರ್ ಇರಲೇಬೇಕು. ಕಾರಿನಲ್ಲಿ ಸಲಿಕೆ, ಟಾರ್ಚು, ಕುಡಿಯುವ ನೀರು, ತಲೆಗೊಂದು ಕಂಬಳಿ ಇರಲಿ. ಸೇತುವೆಗಳ ಮೇಲೆ ವೇಗ ಇಳಿಸಿ, ಕೆಳಗಿನಿಂದಲೂ ತಣ್ಣನೆಯ ಗಾಳಿ ಆಡುವುದರಿಂದ ಉಳಿದ ರಸ್ತೆಗಿಂತ ಮೊದಲೇ ಅಲ್ಲಿ ನೀರು ಹೆಪ್ಪುಗಟ್ಟಿರುತ್ತದೆ.

ಪ್ರಶ್ನೆ ಕೇಳಿದವರು

ಹತ್ತು ದಿನಗಳ ಬಳಿಕ ಬರೆಯುತ್ತಿದ್ದೇನೆ. ಟೈರು ಬದಲಿಸುವ ಹಿಂದಿನ ದಿನ ಹಿಮ ಗಟ್ಟಿಯಾಗಿದ್ದ ಖಾಲಿ ಬಯಲಿನಲ್ಲಿ ಒಬ್ಬನೇ ಹೋಗಿ, 30 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿ, ನಿಂತ ದೂರವನ್ನು ಹೆಜ್ಜೆಯಲ್ಲಿ ಅಳೆದೆ: 24 ಹೆಜ್ಜೆ. ಹೊಸ ಟೈರು ಹಾಕಿದ ಮಾರನೆಯ ದಿನ ಅದೇ ಜಾಗದಲ್ಲಿ 16 ಹೆಜ್ಜೆಯಾಯಿತು. ಎರಡೂ ದಿನದ ಹಿಮ ಒಂದೇ ಆಗಿರಲಾರದು, ಆದರೂ ವ್ಯತ್ಯಾಸ ಕಾಲಿಗೇ ತಿಳಿಯುವಷ್ಟಿತ್ತು.

ನಿನ್ನೆ ಆ ಇಳಿಜಾರಿನಲ್ಲಿ ಮತ್ತೆ ಇಳಿದೆವು. ತುದಿಯಲ್ಲೇ ವೇಗವನ್ನು 20ಕ್ಕೆ ತಂದು, ಕೆಳಗಿನ ಗೇರಿನಲ್ಲಿ ಇಳಿದು, ಗೆರೆಗಿಂತ ಎರಡು ಕಾರುಗಳಷ್ಟು ಮೊದಲೇ ನಿಂತೆವು. ಪೆಡಲ್ ಅದುರಲಿಲ್ಲ. ದೊಡ್ಡವನು ಕೋಟು ಬಿಚ್ಚಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದಾನೆ, ಚಿಕ್ಕವಳು ಅಜ್ಜಿಯೇ ಕಂಬಳಿ ಹೊದಿಸಬೇಕೆಂಬ ಕರಾರಿನ ಮೇಲೆ ಒಪ್ಪಿದ್ದಾಳೆ.