ದೊಡ್ಡ ಕಂಪನಿ ಇಂಟರ್ವ್ಯೂ ಬಗ್ಗೆ ಕೇಳಿ, ಗೊತ್ತಿರೋದು ಹೇಳ್ತೀನಿ

ಪ್ರಶ್ನೆ: ಅಕ್ಕ ನಮಸ್ತೆ, ನಾನು ದಾವಣಗೆರೆಲಿ ಬಿಇ ಮುಗ್ಸಿ ಮೂರು ವರ್ಷದಿಂದ ಬೆಂಗ್ಳೂರಲ್ಲಿ ಒಂದು ಸರ್ವಿಸ್ ಕಂಪನಿಲಿ ಜಾವಾ ಕೆಲಸ ಮಾಡ್ತಿದೀನಿ. ಹೋದ ತಿಂಗಳು ಒಂದು ದೊಡ್ಡ ಪ್ರಾಡಕ್ಟ್ ಕಂಪನಿಲಿ ಇಂಟರ್ವ್ಯೂ ಆಯ್ತು, ಎರಡು ಪ್ರಾಬ್ಲಂ ಕೊಟ್ರು, ಎರಡೂ ಕರೆಕ್ಟಾಗೇ ಮಾಡ್ದೆ, ಆದ್ರೂ ರಿಜೆಕ್ಟ್. ಕಾರಣ ಕೇಳಿದ್ರೆ ಹೇಳಲ್ಲ. ನನ್ನ ಇಂಗ್ಲಿಷ್ ಸ್ವಲ್ಪ ವೀಕು, ಅದಕ್ಕೇ ಇರ್ಬೋದಾ?

ಉತ್ತರ: ಬರೀ ಇಂಗ್ಲಿಷಿಗೆ ಅಂತ ನಂಗನ್ಸಲ್ಲ. ಕೋಡ್ ಬರೀವಾಗ ಏನಾದ್ರೂ ಮಾತಾಡಿದ್ರಾ?

ಅವರೇ: ಇಲ್ಲಕ್ಕ. ಮೊದ್ಲೇ ಲೀಟ್‌ಕೋಡ್ ಅನ್ನೋ ಪ್ರಾಕ್ಟೀಸ್ ಸೈಟಲ್ಲಿ ಮಾಡಿದ್ದೆ, ಸುಮ್ನೆ ತಲೆ ಬಗ್ಗಿಸ್ಕೊಂಡು ಹದಿನೈದು ನಿಮಿಷದಲ್ಲಿ ಬರ್ದು ಮುಗಿಸ್ಬಿಟ್ಟೆ.

ಉತ್ತರ: ಬಹುಶಃ ಅಲ್ಲೇ ಎಡವಿದ್ದು ನೋಡಿ. ನಾನೂ ಇಂಟರ್ವ್ಯೂ ತಗೋತೀನಿ, ಆ 45 ನಿಮಿಷ ಪೂರ್ತಿ ಟೈಪ್ ಮಾಡ್ತಾನೇ ಇರ್ತೀನಿ, ಎದುರಿಗಿರೋರು ಏನ್ ಕೇಳಿದ್ರು, ಎಲ್ಲಿ ತಪ್ಪಾಯ್ತು, ತಾವೇ ಹಿಡಿದ್ರಾ ಇಲ್ಲ ನಾನು ತೋರಿಸ್ಬೇಕಾಯ್ತಾ ಅಂತ. ಯಾಕಂದ್ರೆ ಗೂಗಲ್ಲಲ್ಲಿ ಇಂಟರ್ವ್ಯೂ ಮಾಡ್ದೋರೇ ಕೂತು ತಗೋಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋ ಪದ್ಧತಿ ಅಲ್ಲ, ಅವರು ಬರ್ದಿದ್ದನ್ನ ಹೈರಿಂಗ್ ಕಮಿಟಿ ಅಂತ ಬೇರೆಯವರು ಓದ್ತಾರೆ, ಅವರು ನಿಮ್ಮ ಮುಖಾನೂ ನೋಡಿರಲ್ಲ. ಅಮೆಜಾನಲ್ಲಿ ಬಾರ್ ರೈಸರ್ ಅಂತ ಬೇರೆ ಟೀಮಿನವರೊಬ್ರು ಇರ್ತಾರೆ, ಅವರು ಬೇಡ ಅಂದ್ರೆ ಮುಗೀತು. ಈಗ ನೀವೇ ಯೋಚ್ನೆ ಮಾಡಿ, ನೀವು ಬಾಯೇ ಬಿಡ್ಲಿಲ್ಲ ಅಂದ್ರೆ ಆ ನೋಟ್ಸಲ್ಲಿ ಏನಿರತ್ತೆ? "ಬೇಗ ಬರೆದ್ರು, ಬಾಯಿಪಾಠ ಇದ್ದಂಗಿತ್ತು" ಅಷ್ಟೇ.

ಸುಲಭದ್ದೇ ತಗೊಳ್ಳಿ, ಯಾವ ಎರಡು ನಂಬರ್ ಕೂಡಿದ್ರೆ ಇಷ್ಟು ಬರತ್ತೆ ಅನ್ನೋ ಪ್ರಾಬ್ಲಂ. ಕೀಬೋರ್ಡ್ ಮುಟ್ಟೋಕೆ ಮುಂಚೆ ಕೇಳಿ, ಅರೇ, ಅಂದ್ರೆ ಆ ನಂಬರ್ ಪಟ್ಟಿ, ಸಾರ್ಟ್ ಆಗಿದ್ಯಾ (ಚಿಕ್ಕದ್ರಿಂದ ದೊಡ್ಡದಕ್ಕೆ ಜೋಡ್ಸಿದ್ಯಾ), ಅದೇ ನಂಬರ್ ಎರಡು ಸಲ ತಗೋಬೋದಾ, ಉತ್ತರಾನೇ ಇಲ್ದಿದ್ರೆ ಏನ್ ಕೊಡ್ಬೇಕು. ಆಮೇಲೆ, ಎರಡು ಲೂಪ್ ಹಾಕಿದ್ರೆ ಎನ್ ಸ್ಕ್ವೇರ್ ಆಗತ್ತೆ (ಪಟ್ಟಿ ಎರಡರಷ್ಟಾದ್ರೆ ಕೆಲಸ ನಾಲ್ಕರಷ್ಟು), ನೋಡಿದ ನಂಬರ್ ನೆನಪಿಟ್ಕೊಳ್ಳೋ ಹ್ಯಾಶ್‌ಮ್ಯಾಪ್ ಇಟ್ರೆ ಒಂದೇ ಸುತ್ತಲ್ಲಿ ಸಿಗತ್ತೆ ಆದ್ರೆ ಮೆಮೊರಿ ತಿನ್ನತ್ತೆ, ಸಾರ್ಟ್ ಆಗಿದ್ರೆ ಎರಡೂ ತುದಿಯಿಂದ ಪಾಯಿಂಟರ್ ಸರಿಸ್ಕೊಂಡು ಬಂದ್ರೆ ಮ್ಯಾಪೇ ಬೇಡ, ಇಷ್ಟನ್ನ ಹರಕು ಮುರುಕು ಇಂಗ್ಲಿಷಲ್ಲಿ ಹೇಳಿದ್ರೂ ನಡಿಯತ್ತೆ. ಮೊದ್ಲೇ ಮಾಡಿರೋ ಪ್ರಾಬ್ಲಂ ಬಂದ್ರೆ ಮಾಡಿದೀನಿ ಅಂತ ಹೇಳ್ಬಿಡಿ, ಮುಚ್ಚಿಟ್ರೆ ಗೊತ್ತಾಗೇ ಆಗತ್ತೆ. ಮನೇಲಿ ಮೊದ್ಲು ಕನ್ನಡದಲ್ಲೇ ಜೋರಾಗಿ ಹೇಳ್ಕೊಂಡು ಬರೀರಿ, ನಾನು ಹಂಗೇ ಮಾಡ್ತಿದ್ದೆ, ನಮ್ಮಮ್ಮ ಬಾಗಿಲು ತೆಗ್ದು ಯಾರ್ ಜೊತೆ ಜಗಳ ಆಡ್ತಿದೀಯೇ ಅಂತ ಕೇಳಿದ್ರು 😄

ಇನ್ನೊಬ್ಬರು: ಮೇಡಂ, ಒಳಗೆ ಹೋದ್ಮೇಲೆ ಇಂಟರ್ವ್ಯೂಲಿ ಕೇಳೋ ಈ ಟ್ರೀ, ಗ್ರಾಫ್ ಎಲ್ಲ ನಿಜವಾಗ್ಲೂ ಬಳಸ್ತೀರಾ?

ಉತ್ತರ: ಅಪರೂಪಕ್ಕೆ. ದಿನದ ಅರ್ಧ ಬೇರೆಯವರ ಕೋಡ್ ಓದೋದೇ ಆಗತ್ತೆ. ಗೂಗಲ್ ಹೆಚ್ಚುಕಮ್ಮಿ ಎಲ್ಲ ಕೋಡನ್ನೂ ಒಂದೇ ರೆಪೋದಲ್ಲಿ, ಅಂದ್ರೆ ಒಂದೇ ಕೋಡ್ ಭಂಡಾರದಲ್ಲಿ ಇಟ್ಟಿದೆ, 2015ರಲ್ಲೇ ಅದು ಸುಮಾರು 200 ಕೋಟಿ ಸಾಲು ಇತ್ತು, ಅದ್ರಲ್ಲಿ ನಮ್ಮದು ಯಾವ ಮೂಲೆ ಹೇಳಿ. ನಾನು ಕೆಲಸಕ್ಕೆ ಸೇರಿದಾಗ ಮೊದಲ್ನೇ ಚೇಂಜು ಮೂರೇ ಸಾಲು, ಒಳಗೆ ಹೋಗಕ್ಕೆ ನಾಲ್ಕು ದಿನ ಹಿಡೀತು. ರಿವ್ಯೂ ಮಾಡ್ದೋರು ಟೆಸ್ಟ್ ಎಲ್ಲಿ, ಈ ಹೆಸರು ಯಾಕೆ, ಇದು ಫೇಲಾದ್ರೆ ಯಾರಿಗೆ ಗೊತ್ತಾಗತ್ತೆ ಅಂತ ಹನ್ನೊಂದು ಕಾಮೆಂಟ್ ಹಾಕಿದ್ರು, ಅವತ್ತು ಬಾತ್‌ರೂಮಲ್ಲಿ ಅತ್ತಿದೀನಿ. ಕೊನೇ ಪ್ರಶ್ನೆಗೆ ಅರ್ಥ ಸಿಕ್ಕಿದ್ದು ನನ್ನ ಆನ್‌ಕಾಲ್ ವಾರ (ಯಾವ ಹೊತ್ತಲ್ಲಿ ಏನ್ ಕೆಟ್ರೂ ನಾನೇ ನೋಡ್ಬೇಕಾದ ವಾರ) ಬಂದಾಗ, ರಾತ್ರಿ ಮೂರಕ್ಕೆ ಪೇಜರ್ ಹೊಡ್ಕೊಂಡಾಗ.

ಮತ್ತೊಬ್ಬರು: ಪ್ಯಾಕೇಜ್ ಹೇಳೋದೊಂದು ಕೈಗೆ ಬರೋದೊಂದು ಅಂತಾರಲ್ಲ?

ಉತ್ತರ: ಹೌದು, ಅದ್ರಲ್ಲಿ ಸ್ಟಾಕೂ ಸೇರಿರತ್ತೆ. ಅದು ಒಟ್ಟಿಗೆ ಕೈಗೆ ಬರಲ್ಲ, ಅಮೆಜಾನಲ್ಲಿ ಮಾಮೂಲಿ ಲೆಕ್ಕ ಮೊದಲ್ನೇ ವರ್ಷ ಆ ಸ್ಟಾಕಲ್ಲಿ ಬರೀ 5 ಪರ್ಸೆಂಟ್, ಎರಡನೇದಕ್ಕೆ 15, ಉಳಿದಿದ್ದು ಮೂರು ನಾಲ್ಕನೇ ವರ್ಷಕ್ಕೆ. ಸ್ಟಾಕ್ ನಿಮ್ಮ ಅಕೌಂಟಿಗೆ ಬಿದ್ದ ದಿನಾನೇ ಸಂಬಳದ ಥರ ಟ್ಯಾಕ್ಸ್ ಕೂಡ ಬೀಳತ್ತೆ, ನೀವು ಮಾರದೇ ಇದ್ರೂ. ಆಫರ್ ಬಂದಾಗ ವರ್ಷ ವರ್ಷಕ್ಕೆ ಎಷ್ಟು ಅಂತ ಬರ್ದು ಕೊಡಿ ಅಂತ ರಿಕ್ರೂಟರನ್ನ ಕೇಳಿ, ಕೊಡ್ತಾರೆ.

ದಾವಣಗೆರೆ ತಮ್ಮಾ, ಶನಿವಾರ ಬಿಡುವಿದ್ರೆ ಮೆಸೇಜ್ ಹಾಕಿ, ಪ್ರಾಕ್ಟೀಸಿಗೆ ಒಂದು ಮಾಕ್ ಇಂಟರ್ವ್ಯೂ ತಗೋತೀನಿ. ಬಾಯಿ ಬಿಡ್ಬೇಕು ಅಷ್ಟೇ ಕಂಡೀಷನ್ನು.