ಗುದ್ದಲೇ ಇಲ್ಲವಲ್ಲ, ಕೇಸ್ ಯಾವುದಕ್ಕೆ?

ಚಿಕ್ಕಪ್ಪ (ಫಾರ್ವರ್ಡ್): "ಸೈಕಲ್ ತುಳಿಯುವವರಿಗೆ ಕಾನೂನು ರಕ್ಷಣೆ ವಿಮೆ! ವಾಹನದವರು ಅಡ್ಡಗಟ್ಟಿ ಜಗಳಕ್ಕೆ ಬಂದರೆ ವಕೀಲರ ಖರ್ಚು ಪೂರ್ತಿ ನಮ್ಮದು. ಇಂದೇ ಸದಸ್ಯರಾಗಿ."

ಚಿಕ್ಕಪ್ಪ: ಮರಿ, ಇದು ನಿನಗೇ ಹೇಳಿ ಮಾಡಿಸಿದ ಹಾಗಿದೆ. ಹೋದ ವಾರದ ಗಲಾಟೆಗೂ ಆಗುತ್ತೇನೋ ವಿಚಾರಿಸು.

ಭಾವ: ನನಗಿದು ಸರಿ ಕಾಣಲ್ಲ. ಬೆನ್ನ ಹಿಂದೆ ವಕೀಲರಿದ್ದಾರೆ ಅಂತಾದ್ರೆ ಸೈಕಲ್‌ನವರು ಇನ್ನೂ ಜೋರಾಗ್ತಾರೆ. ದಿನಾ ಕಾರು ಓಡಿಸೋನು ನಾನು. ಸಿಗ್ನಲ್ ಹಾರಿಸ್ಕೊಂಡು ಬಂದು, ಹಾರ್ನ್ ಮಾಡಿದ್ರೆ ಬಾನೆಟ್ ಮೇಲೆ ಬಡಿದು ಹೋಗೋರನ್ನ ಕಣ್ಣಾರೆ ನೋಡಿದ್ದೀನಿ.

ನಾನು: ಭಾವ, ನಾನು ಸಿಗ್ನಲ್ ಹಾರಿಸಿರಲಿಲ್ಲ. ಅವನ ಸೈಡ್ ಮಿರರ್ ನನ್ನ ಮೊಣಕೈ ಸವರಿಕೊಂಡು ಹೋಯ್ತು. "ಏಯ್" ಅಂದೆ, ಅಷ್ಟೇ. ಮುಂದೆ ಹೋಗಿ ಕಾರು ಅಡ್ಡ ನಿಲ್ಲಿಸಿ ಇಳಿದು ಬಂದ. ಹ್ಯಾಂಡಲ್ ಹಿಡ್ಕೊಂಡು "ಇನ್ನೊಂದ್ಸಲ ಸಿಕ್ಕಿದ್ರೆ ಮೇಲೇ ಹತ್ತಿಸ್ತೀನಿ" ಅಂದ. ಎರಡು ನಿಮಿಷ ಇರಬಹುದು. ಆಮೇಲೆ ಮೂರು ದಿನ ನಾನು ಸೈಕಲ್ ಮುಟ್ಟಲಿಲ್ಲ.

ಅಮ್ಮ: ಮೇಲೆ ಹತ್ತಿಸ್ತೀನಿ ಅಂದ್ನಾ? ಬೈದ ಅಂತಷ್ಟೇ ಹೇಳಿದ್ದೆಯಲ್ಲೋ ನನಗೆ.

ಭಾವ: ಅವನು ಮಾಡಿದ್ದು ತಪ್ಪೇ, ಒಪ್ತೀನಿ. ಆದ್ರೆ ಗುದ್ದಲಿಲ್ಲ, ಗಾಯ ಇಲ್ಲ, ಸೈಕಲ್‌ಗೂ ಏನೂ ಆಗಿಲ್ಲ. ಕೇಸ್ ಯಾವುದಕ್ಕೆ ಹಾಕ್ತೀಯ?

ಅತ್ತಿಗೆ: ಈಗಷ್ಟೇ ಕೋರ್ಟಿಂದ ಬಂದು ಎಲ್ಲ ಓದಿದೆ. ಆ ಪ್ರಶ್ನೆಯಲ್ಲೇ ಇರೋದು ವಿಷಯ. ಡಿಕ್ಕಿ ಆದ್ರೆ ಕಾನೂನಿಗೆ ದಾರಿ ಗೊತ್ತು. ನೆದರ್ಲೆಂಡ್ಸ್‌ನಲ್ಲಿ ರಸ್ತೆ ಸಂಚಾರ ಕಾಯ್ದೆಯ 185ನೇ ಕಲಂ ಪ್ರಕಾರ ಹೊಣೆ ಮೊದಲು ಕಾರಿನವರದ್ದೇ. ಸೈಕಲ್ ಮೇಲಿದ್ದದ್ದು 14 ವರ್ಷದೊಳಗಿನ ಮಗುವಾದ್ರೆ ನಷ್ಟವೆಲ್ಲ ಅವರೇ ತುಂಬಬೇಕು, ದೊಡ್ಡವರಾದ್ರೆ ಸೈಕಲ್‌ನವರ ತಪ್ಪಿದ್ದರೂ ಸಾಮಾನ್ಯವಾಗಿ ಕನಿಷ್ಠ ಅರ್ಧ. ಆದ್ರೆ ಇದು ಡಿಕ್ಕಿ ಆದಮೇಲಿನ ಮಾತು. ಬೆದರಿಸಿ ಹೋದವನಿಗೆ ಈ ಕಲಂ ತಾಗೋದಿಲ್ಲ.

ಭಾವ: ಅದಕ್ಕೆ ಪೊಲೀಸರಿದ್ದಾರಲ್ಲ.

ನಾನು: ಹೋಗಿದ್ದೆ ಭಾವ. ಸಾಕ್ಷಿ ಯಾರಿದ್ದಾರೆ ಅಂದ್ರು. ಯಾರೂ ಇರಲಿಲ್ಲ, ಎದ್ದು ಬಂದೆ.

ಅತ್ತಿಗೆ: ಕ್ರಿಮಿನಲ್ ಕೇಸಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಹಾಗೆ ಸಾಬೀತಾಗಬೇಕು. ಸಿವಿಲ್‌ನಲ್ಲಿ ಅಷ್ಟು ಬೇಡ, ಯಾರ ಮಾತು ಹೆಚ್ಚು ನಂಬೋ ಹಾಗಿದೆ ಅನ್ನೋದರ ಮೇಲೆ ನಡೆಯುತ್ತೆ. ಸರಿ, ದಾವೆ ಹಾಕೋಣ. ನಷ್ಟ ಎಷ್ಟು ಅಂತ ಬರೆಯೋದು? ಸೊನ್ನೆ. ಸೊನ್ನೆಗೆ ದಾವೆ ಹಾಕಿದ್ರೆ ವಕೀಲರ ಫೀಸು ಎಲ್ಲಿಂದ ಬರಬೇಕು? ಈ ಗಂಟನ್ನ ಲಾಸ್ ಏಂಜಲೀಸ್ ನಗರಸಭೆ 2011ರಲ್ಲಿ ಬಿಚ್ಚಿತು. ಸೈಕಲ್ ಸವಾರರನ್ನ ಹೊಡೆಯೋದು ಮಾತ್ರ ಅಲ್ಲ, ಮಾತಿನಿಂದಲೋ ವಾಹನದಿಂದಲೋ ಬೆದರಿಸೋದು, ಬೇಕಂತ ರಸ್ತೆಯಿಂದ ಆಚೆ ತಳ್ಳೋದು, ಗಮನ ತಪ್ಪಿಸೋದು, ಎಲ್ಲಕ್ಕೂ ಸಿವಿಲ್ ದಾವೆ ಹಾಕಬಹುದು. ಗೆದ್ದರೆ ಆದ ನಷ್ಟದ ಮೂರರಷ್ಟು ಅಥವಾ 1,000 ಡಾಲರ್, ಯಾವುದು ಹೆಚ್ಚೋ ಅದು. ಮೇಲೆ ವಕೀಲರ ಫೀಸನ್ನೂ ಸೋತವನೇ ಕೊಡಬೇಕು. ಆ ಕೊನೆಯ ಸಾಲಿಗೇ ನಾನು ಹೆಚ್ಚು ಬೆಲೆ ಕೊಡೋದು. ಅದಿಲ್ಲದಿದ್ರೆ ಹಕ್ಕು ಕಾಗದದಲ್ಲೇ ಉಳಿಯುತ್ತೆ.

ಭಾವ: ಬರೀ ಬಾಯಿಮಾತಿನ ಬೆದರಿಕೆಗೆ ಇಷ್ಟೆಲ್ಲ ಬೇಕಾ?

ನಾನು: ಬೇಕು. 2008ರಲ್ಲಿ ಅದೇ ಊರಲ್ಲಿ ಒಬ್ಬ ಚಾಲಕ ಇಬ್ಬರು ಸವಾರರನ್ನ ದಾಟಿ ಹೋಗಿ, ಅವರ ಮುಂದೆಯೇ ಬೇಕಂತ ಬ್ರೇಕ್ ಒತ್ತಿದ. ಒಬ್ಬರು ಹೋಗಿ ಹಿಂದಿನ ಗಾಜಿಗೆ ಅಪ್ಪಳಿಸಿದ್ರು. 2010ರಲ್ಲಿ ಅವನಿಗೆ 5 ವರ್ಷ ಶಿಕ್ಷೆ ಆಯ್ತು. ಆದ್ರೆ ವಿಚಾರಣೆಯಲ್ಲಿ ಇನ್ನೇನು ಬಂತು ಗೊತ್ತಾ ಭಾವ? ಅದಕ್ಕೂ ಮೊದಲೇ ಬೇರೆ ಸವಾರರ ಜತೆ ಅವನು ಹೀಗೇ ನಡೆದುಕೊಂಡಿದ್ದ. ಆ ಸಲ ಯಾರಿಗೂ ಗಾಯ ಆಗಿರಲಿಲ್ಲ. ಗುದ್ದೋವರೆಗೂ ಕಾಯಿರಿ ಅಂದ್ರೆ ಕೊನೆಗೆ ಗುದ್ದುತ್ತಾರೆ.

ಭಾವ: ಅದು ನನಗೆ ಗೊತ್ತಿರಲಿಲ್ಲ.

ಭಾವ: ಇನ್ನೊಂದು ಹೇಳು. ಎಷ್ಟು ಹತ್ತಿರ ಬಂದ್ರೆ ಹತ್ತಿರ? ಇಕ್ಕಟ್ಟಾದ ರಸ್ತೇಲಿ ಕಾರಿನವರು ಹಾರಿಕೊಂಡು ಹೋಗೋಕಾಗಲ್ಲ.

ನಾನು: ಹಿಂದೇನೇ ಇದ್ದು, ಜಾಗ ಸಿಕ್ಕಾಗ ದಾಟಬೇಕು ಭಾವ. ಜರ್ಮನಿಯಲ್ಲಿ 2020ರಿಂದ ಊರೊಳಗೆ 1.5 ಮೀಟರ್, ಹೊರಗೆ 2 ಮೀಟರ್ ಅಂತ ನಿಯಮದಲ್ಲೇ ಬರೆದಿದ್ದಾರೆ. ಬ್ರಿಟನ್ 2022ರಲ್ಲಿ ತನ್ನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಬದಲಿಸಿ, ಗಂಟೆಗೆ 30 ಮೈಲಿವರೆಗೆ ಕನಿಷ್ಠ 1.5 ಮೀಟರ್ ಬಿಡಿ ಅಂತು. ಮೊಣಕೈಗೆ ಮಿರರ್ ತಾಗಿದ್ದನ್ನ ಯಾವ ಲೆಕ್ಕದಲ್ಲಿ ಅಳೆಯೋದು?

ಚಿಕ್ಕಪ್ಪ: ಅದೆಲ್ಲ ಇರಲಿ. ಈ ಪಾಲಿಸಿ ತಗೊಳ್ಳೋದೋ ಬೇಡವೋ?

ಅತ್ತಿಗೆ: ತಗೊಳ್ಳಲಿ ಚಿಕ್ಕಪ್ಪ, ಆದ್ರೆ ಷರತ್ತು ಓದಿ ತಗೊಳ್ಳಲಿ. ಹೋದ ವಾರದ್ದಕ್ಕೆ ಇದು ಬರಲ್ಲ. ಪಾಲಿಸಿ ಶುರುವಾಗೋಕೆ ಮುಂಚೆ ನಡೆದ ತಕರಾರನ್ನ ಇಂಥ ವಿಮೆಯಲ್ಲಿ ಸೇರಿಸಿಕೊಳ್ಳೋದಿಲ್ಲ. ಆಮೇಲೆ "ಪೂರ್ತಿ ನಮ್ಮದು" ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಸಾಮಾನ್ಯವಾಗಿ ಅದಕ್ಕೊಂದು ಮಿತಿ ಇರುತ್ತೆ, ಗೆಲ್ಲೋ ಸಾಧ್ಯತೆ ಸೋಲೋದಕ್ಕಿಂತ ಹೆಚ್ಚಿದ್ರೆ ಮಾತ್ರ ದುಡ್ಡು ಬಿಡ್ತಾರೆ. ಅವರಿಗೆ ತಿಳಿಸದೆ ಮೊದಲೇ ವಕೀಲರನ್ನ ಹಿಡಿದ್ರೆ ಆ ಫೀಸು ನಮ್ಮ ತಲೆ ಮೇಲೇ ಬೀಳಬಹುದು. ಇನ್ನೊಂದು, ಜನ ಎರಡು ವಿಮೆಯನ್ನ ಒಂದೇ ಅಂದ್ಕೊಳ್ತಾರೆ. ಕೈತಪ್ಪಿ ನಾವು ಯಾರದೋ ಕಾರಿಗೆ ಗೀರು ಹಾಕಿದ್ರೆ ಕಟ್ಟಿಕೊಡೋದು ಥರ್ಡ್ ಪಾರ್ಟಿ ವಿಮೆ. ನಮ್ಮ ಪರ ವಕೀಲರನ್ನ ನಿಲ್ಲಿಸೋದು ಬೇರೆ. ಬ್ರಿಟನ್ನಿನ ಸೈಕಲ್ ಸಂಘ ಬ್ರಿಟಿಷ್ ಸೈಕ್ಲಿಂಗ್‌ನ ಕೆಲವು ಸದಸ್ಯತ್ವಗಳಲ್ಲಿ ಎರಡೂ ಒಟ್ಟಿಗೆ ಸಿಗುತ್ತೆ, ಎಲ್ಲ ಕಡೆ ಹಾಗಿರಲ್ಲ.

ಭಾವ: ಬಾನೆಟ್ ಬಡಿಯೋರಿಗೆ?

ಅತ್ತಿಗೆ: ಅದಕ್ಕೆ ಎರಡರಲ್ಲೂ ಬರಲ್ಲ. ಬೇಕಂತ ಮಾಡಿದ್ದಕ್ಕೆ ವಿಮೆ ಇಲ್ಲ. ಅಲ್ಲಿ ನಿಮ್ಮ ಮಾತು ಸರಿ. ಕೈ ಎತ್ತಿದ ಗಳಿಗೆಗೆ ಸವಾರ ತನ್ನ ಕೇಸನ್ನ ತಾನೇ ಕೆಡಿಸಿಕೊಳ್ತಾನೆ.

ಭಾವ: ಹಾಗಾದ್ರೆ ಕಾರಿನವನು ಬೇಕಂತ ಗುದ್ದಿದ್ರೂ ಅವನ ಇನ್ಶೂರೆನ್ಸ್ ಇದು ಅಪಘಾತ ಅಲ್ಲ ಅಂತ ಕೈ ತೊಳ್ಕೊಳ್ಳುತ್ತೆ, ಅಲ್ವಾ?

ಅತ್ತಿಗೆ: ಇಂಗ್ಲೆಂಡಿನಲ್ಲಿ 1964ರಲ್ಲೇ ಇದು ತೀರ್ಮಾನ ಆಗಿದೆ. ವಿಮೆ ಇಲ್ಲದ ವ್ಯಾನಿನವನೊಬ್ಬ ಭದ್ರತಾ ಅಧಿಕಾರಿಯನ್ನ ಬೇಕಂತಲೇ ಎಳೆದುಕೊಂಡು ಹೋಗಿದ್ದ. ಚಾಲಕ ತನ್ನ ಅಪರಾಧದಿಂದ ಲಾಭ ಕೇಳೋ ಹಾಗಿಲ್ಲ, ಆದ್ರೆ ಪೆಟ್ಟು ತಿಂದವರಿಗೆ ಪರಿಹಾರ ನಿಲ್ಲಿಸೋ ಹಾಗೂ ಇಲ್ಲ ಅಂತ ಮೇಲ್ಮನವಿ ಕೋರ್ಟು ಹೇಳಿತು. ವಿಮೆ ಇಲ್ಲದವರ ಪರವಾಗಿ ಕೊಡೋ ನಿಧಿಯಿಂದಲೇ ದುಡ್ಡು ಬಂತು.

ಅಮ್ಮ: ನೀನು ಕೈ ಎತ್ತಿದ್ಯೇನೋ?

ನಾನು: ಎತ್ತಿದ್ದೆ ಅಮ್ಮ. ಬಡೀಲಿಲ್ಲ.

ಅತ್ತಿಗೆ: ಒಳ್ಳೇದಾಯ್ತು. ಕ್ಯಾಮೆರಾ ಇರಲಿಲ್ಲ ತಾನೇ? ಮುಂದಕ್ಕೆ ಹಾಕಿಸ್ಕೋ. ವಿಡಿಯೊ ಇದ್ರೆ ಅವತ್ತೇ ಕೊಟ್ಟುಬಿಡಬೇಕು. ಇಂಗ್ಲೆಂಡಿನಲ್ಲಿ ಇಂಥ ಚಾಲನೆಯ ತಪ್ಪಿಗೆ ವಾಹನದ ಮಾಲೀಕರಿಗೆ 14 ದಿನದೊಳಗೆ ನೋಟಿಸ್ ಹೋಗದಿದ್ರೆ ಸಾಮಾನ್ಯವಾಗಿ ಕೇಸೇ ನಿಲ್ಲಲ್ಲ. ಸದ್ಯಕ್ಕೆ ನಿನ್ನ ನೆನಪೇ ಸಾಕ್ಷಿ. ಇವತ್ತು ರಾತ್ರಿನೇ ಕೂತು ಬರೆದಿಡು. ಸಮಯ, ಕಾರಿನ ಬಣ್ಣ, ನಂಬರ್, ಅವನು ನಿಂತಿದ್ದ ಜಾಗ. ಅವನ ಮಾತನ್ನ ಅವನು ಆಡಿದ ಹಾಗೇ ಬರಿ, ತಿದ್ದಬೇಡ. ನೀನು "ಏಯ್" ಅಂದದ್ದು, ಕೈ ಎತ್ತಿದ್ದು, ಅದೂ ಇರಲಿ.

ನಾನು: ನಂಬರ್‌ನಲ್ಲಿ ಕೊನೆಯ ನಾಲ್ಕು ಅಂಕಿ ನೆನಪಿದೆ.

ಭಾವ: ಕಾರು ಯಾವುದು ಅಂತ ಗೊತ್ತಾಯ್ತಾ? ಹಿಂದಿನ ದೀಪ ಹೇಗಿತ್ತು ಹೇಳು, ನೋಡಿದ್ರೆ ನಾನು ಗುರುತು ಹಿಡೀತೀನಿ. ಫೋನ್ ಮಾಡ್ತಾ ಇದ್ದೀನಿ, ಎತ್ತು.