ಯಂತ್ರ ಹೆಕ್ಕಿ ಕೊಟ್ಟ ಸಂಬಂಧವನ್ನು ವೈಜ್ಞಾನಿಕ ಶೋಧ ಎನ್ನಬಹುದೇ?

ಪ್ರಶ್ನೆ:
ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ಕ್ಷುದ್ರಗ್ರಹಗಳ ಪಟ್ಟಿಯೊಂದನ್ನು ಇಳಿಸಿಕೊಂಡು, ಸೂರ್ಯನಿಂದ ಅವು ಇರುವ ಸರಾಸರಿ ದೂರದಿಂದ ಪರಿಭ್ರಮಣ ಅವಧಿಯನ್ನು ಊಹಿಸುವಂತೆ ಒಂದು ಚಿಕ್ಕ ನ್ಯೂರಲ್ ನೆಟ್‌ವರ್ಕ್‌ಗೆ (ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಮಾದರಿಗೆ) ತರಬೇತಿ ಕೊಟ್ಟೆ. ಪರೀಕ್ಷೆಗೆಂದು ಬದಿಗಿಟ್ಟಿದ್ದ ಕ್ಷುದ್ರಗ್ರಹಗಳ ಅವಧಿಯನ್ನು ಅದು ಕರಾರುವಾಕ್ಕಾಗಿ ಹೇಳಿತು. ಆದರೆ ನೆಪ್ಚೂನಿನ ದೂರವನ್ನು ಕೊಟ್ಟಾಗ, ಸುಮಾರು 165 ವರ್ಷ ಎನ್ನಬೇಕಾದದ್ದು 80ರ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಹಾಗಾದರೆ ಅದು ಕಲಿತದ್ದಾದರೂ ಏನನ್ನು? ದತ್ತಾಂಶದಿಂದ ಕೃತಕ ಬುದ್ಧಿಮತ್ತೆಯೇ ಹೊಸ ನಿಯಮಗಳನ್ನು ಕಂಡುಹಿಡಿಯುತ್ತದೆ ಎಂಬ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ 1:
ನೀವು ನೆಟ್‌ವರ್ಕ್‌ನೊಳಗೆ ರೆಲು (ReLU) ಎಂಬ, ಋಣ ಸಂಖ್ಯೆಗಳನ್ನು ಸೊನ್ನೆ ಮಾಡಿ ಉಳಿದವನ್ನು ಹಾಗೆಯೇ ಬಿಡುವ ಸರಳ ಗಣಿತ ಕ್ರಿಯೆಯನ್ನು ಬಳಸಿರಬೇಕು. ಅಂಥ ನೆಟ್‌ವರ್ಕ್ ತಾನು ಕಂಡ ಎಲ್ಲೆಯೊಳಗಿನ ವಕ್ರರೇಖೆಯನ್ನು ತುಂಡು ತುಂಡು ಸರಳರೇಖೆಗಳಿಂದ ಹೊಂದಿಸಿಕೊಳ್ಳುತ್ತದೆ. ಎಲ್ಲೆ ದಾಟಿದ ಮೇಲೆ ಕೊನೆಯ ತುಂಡನ್ನೇ ನೇರವಾಗಿ ಎಳೆದುಕೊಂಡು ಹೋಗುತ್ತದೆ. ನಿಜವಾದ ರೇಖೆಯಾದರೋ ಮೇಲಕ್ಕೆ ಬಾಗುತ್ತಲೇ ಇರುತ್ತದೆ. ದೂರ, ಅವಧಿ ಎರಡರ ಲಾಗರಿದಮ್ ತೆಗೆದು ನಕ್ಷೆ ಬಿಡಿಸಿ ನೋಡಿ, ಒಂದೂವರೆ ಇಳಿಜಾರಿನ ಸರಳರೇಖೆ ಸಿಗುತ್ತದೆ. ಇದು ಖಗೋಳಶಾಸ್ತ್ರಜ್ಞ ಕೆಪ್ಲರ್ 1619ರಲ್ಲಿ ಪ್ರಕಟಿಸಿದ ಮೂರನೆಯ ನಿಯಮ: ಅವಧಿಯ ವರ್ಗವು ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಭೂಮಿಯ ದೂರವನ್ನು 1 ಎಂದಿಟ್ಟುಕೊಂಡರೆ ನೆಪ್ಚೂನಿನದು 30.07, ಅದರ ಘನದ ವರ್ಗಮೂಲ ಸುಮಾರು 165.

ಪ್ರಶ್ನೆ ಕೇಳಿದವರು:
ಇಳಿಜಾರು ಒಂದೂವರೆಯೇ ಬಂತು, ಧನ್ಯವಾದ. ಆದರೆ ಲಾಗರಿದಮ್ ತೆಗೆಯಬೇಕೆಂದು ಹೊಳೆದದ್ದು ನಿಮಗೆ, ಯಂತ್ರಕ್ಕಲ್ಲವಲ್ಲ!

ಉತ್ತರ 2:
ಶೋಧವೆಂದರೆ ಸಮೀಕರಣವೇ ಆಗಬೇಕೆಂದಿಲ್ಲ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು, ಸುಮಾರು 2,300 ಅಣುಗಳಲ್ಲಿ ಯಾವುವು ಇ. ಕೋಲಿ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುತ್ತವೆ ಎಂಬುದನ್ನು ಒಂದು ನ್ಯೂರಲ್ ನೆಟ್‌ವರ್ಕ್ ಮಾದರಿಗೆ ಕಲಿಸಿ, ಬಳಿಕ ಸುಮಾರು 6,000 ಅಣುಗಳ ಸಂಗ್ರಹವನ್ನು ಅದರಿಂದ ಜಾಲಾಡಿಸಿದರು. ಹಿಂದೆ ಮಧುಮೇಹಕ್ಕೆಂದು ಪರಿಶೀಲಿಸಲಾಗಿದ್ದ ಒಂದು ಅಣು ಹಾಗೆ ಮೇಲೆ ಬಂತು, ಅದೇ ಹ್ಯಾಲಿಸಿನ್. ಮಾದರಿ ಬೆರಳು ತೋರಿಸಿದ್ದಷ್ಟೇ. ಅದು ಪ್ರತಿಜೀವಕ ಎಂದು ಖಚಿತವಾದದ್ದು ಪ್ರಯೋಗಾಲಯದ ಬ್ಯಾಕ್ಟೀರಿಯಾಗಳ ಮೇಲೆ ಮತ್ತು ಇಲಿಗಳಲ್ಲಿ ಪರೀಕ್ಷಿಸಿದ ನಂತರ.

ಉತ್ತರ 3:
ಇಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ನಿಮ್ಮ ಪಟ್ಟಿಯಲ್ಲಿರುವ ಅವಧಿ ಎಲ್ಲಿಂದ ಬಂತು? ಕ್ಷುದ್ರಗ್ರಹಗಳ ಅವಧಿಯನ್ನು ಸಾಮಾನ್ಯವಾಗಿ ಯಾರೂ ಗಡಿಯಾರ ಹಿಡಿದು ಅಳೆದಿರುವುದಿಲ್ಲ. ಆಕಾಶದಲ್ಲಿ ಅವು ಕಂಡ ಸ್ಥಾನಗಳಿಂದ ಕಕ್ಷೆಯನ್ನು ಲೆಕ್ಕ ಹಾಕಿ, ಆ ಕಕ್ಷೆಯ ಗಾತ್ರದಿಂದ ಅವಧಿಯನ್ನು ಕೆಪ್ಲರನ ಇದೇ ಮೂರನೆಯ ನಿಯಮದ ಮೂಲಕ ಪಡೆದು ಪಟ್ಟಿಗೆ ಸೇರಿಸಿರುತ್ತಾರೆ. ಅಂದರೆ ನಿಯಮವು ದತ್ತಾಂಶದೊಳಗೆ ಮೊದಲೇ ಕುಳಿತಿತ್ತು, ನೆಟ್‌ವರ್ಕ್ ಅದನ್ನೇ ನಿಮಗೆ ಮರಳಿಸಿತು. ಕೆಪ್ಲರನ ಮುಂದೆ ಹೀಗೆ ನಿಯಮದಿಂದಲೇ ಲೆಕ್ಕ ಹಾಕಿದ ಕಾಲಂ ಇರಲಿಲ್ಲ; ಖಗೋಳವೀಕ್ಷಕ ಟೈಕೋ ಬ್ರಾಹೆ ಬರೆದಿಟ್ಟ ಗ್ರಹಗಳ ಸ್ಥಾನಗಳಿದ್ದವು, ಅವನ್ನೂ ಚಲಿಸುತ್ತಿರುವ ಭೂಮಿಯ ಮೇಲೆ ನಿಂತೇ ಅಳೆಯಲಾಗಿತ್ತು. ಯಂತ್ರಕ್ಕೂ ಸ್ಥಾನ, ಸಮಯ ಇವೆರಡನ್ನೇ ಕೊಟ್ಟು ನೋಡಿ.